ಇಬ್ಬರ ಊಟಕ್ಕೆ ಎರಡು ದಿನ

ಮಲೆನಾಡಿನಲ್ಲಿ ಊಟ ಅಂದರೆ ಬಿಸಿ. ಹಬೆಯಾಡದ ಅನ್ನ ಬಡಿಸಿದರೆ ಬಂದವರು ಎದುರಿಗೆ ಏನೂ ಹೇಳುವುದಿಲ್ಲ, ಊರಿಗೆ ಹೋಗಿ ಹೇಳುತ್ತಾರೆ. ಗ್ರೀಸ್, ಲೆಬನಾನ್ ಕಡೆಯವರ ಲೆಕ್ಕ ಬೇರೆ. ಅವರ ಮೇಜಿನ ಮೇಲೆ ಬಹಳಷ್ಟು ತಣ್ಣಗಿನದು, ಇಲ್ಲವೇ ಉಗುರುಬೆಚ್ಚಗಿನದು. ಎಣ್ಣೆಯಲ್ಲಿ ಬೆಂದ ತರಕಾರಿಯನ್ನಂತೂ ಆರಲು ಬಿಟ್ಟೇ ತಿನ್ನುತ್ತಾರೆ. ಇದು ತಲೆಗಿಳಿಯದಿದ್ದರೆ, ಗಂಡ ಹೆಂಡತಿ ಇಬ್ಬರಿಗೇ ಆ ಕಡೆಯ ಊಟ ಮಾಡಹೊರಟ ಶಿವಮೊಗ್ಗದ ಅಡುಗೆಮನೆಯಲ್ಲಿ ಮದುವೆಯ ವಾರ್ಷಿಕೋತ್ಸವ ಕೆಡುತ್ತದೆ. ಆರು ಬಗೆಯನ್ನೂ ಎಂಟೂವರೆಗೆ ಬಿಸಿಬಿಸಿ ಇಳಿಸುತ್ತೇವೆಂದು ಎರಡು ಒಲೆ, ಒಂದು ಮಿಕ್ಸಿ, ಓಟಿಜಿ ಎಂಬ ಒಂದು ಪುಟ್ಟ ಕರೆಂಟ್ ಓವನ್ ನಂಬಿ ಹೊರಟವರು ಹತ್ತೂಕಾಲಿಗೆ ತಿಳಿಸಾರು ಕುಡಿದು ಮಲಗುತ್ತಾರೆ.

ಕೊನೆಯ ಗಳಿಗೆಯಲ್ಲಿ ಬಿಸಿಯಾಗಿ ಬೇಕಾದದ್ದು ಪಿಟಾ ರೊಟ್ಟಿ ಒಂದೇ. ಉಳಿದದ್ದೆಲ್ಲ ಮೊದಲೇ ಮುಗಿಯಬೇಕು, ಕೆಲವಂತೂ ಹಿಂದಿನ ದಿನವೇ. 100 ಗ್ರಾಂ ಕಾಬೂಲಿ ಕಡಲೆಯನ್ನು ಅರ್ಧ ಚಮಚ ಅಡುಗೆ ಸೋಡಾ ಹಾಕಿ ರಾತ್ರಿ ನೆನೆಸಿ. ಅರ್ಧ ಲೀಟರ್ ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಫ್ರಿಜ್ಜಿನೊಳಗೇ ನೇತುಹಾಕಿ. ಹೊರಗೆ ನಲ್ಲಿಗೆ ಕಟ್ಟಿದರೆ ಬೆಳಿಗ್ಗೆ ಹುಳಿ ಹಲ್ಲಿಗೆ ಹತ್ತುತ್ತದೆ. ಗ್ರೀಸಿನ ಉಪ್ಪುನೀರಿನ ಚೀಸ್ ಫೆಟಾ ಸಿಗಲಿಲ್ಲವೆಂದು ಊರೆಲ್ಲ ಸುತ್ತುವ ಬದಲು 100 ಗ್ರಾಂ ಪನೀರನ್ನು ಸಣ್ಣ ತುಂಡು ಮಾಡಿ, 300 ಮಿ.ಲೀ. ನೀರಿಗೆ 20 ಗ್ರಾಂ ಉಪ್ಪು, ಒಂದು ನಿಂಬೆ ಹಿಂಡಿ ಮುಳುಗಿಸಿಡಿ. ಫೆಟಾ ಆಗುವುದಿಲ್ಲ, ಆದರೆ ಸಪ್ಪೆ ಪನೀರ್ ಎಂಬ ಅಪವಾದವೂ ಬರುವುದಿಲ್ಲ.

ಸಿಹಿಯೂ ಹಿಂದಿನ ದಿನದ್ದೇ. ಬಸ್ಬೂಸಾ ಅಂದರೆ ಪಾಕ ಕುಡಿದ ರವೆ ಕೇಕು. 150 ಗ್ರಾಂ ರವೆ, ತಲಾ 60 ಗ್ರಾಂ ಸಕ್ಕರೆ ಮತ್ತು ತುಪ್ಪ, 100 ಗ್ರಾಂ ಮೊಸರು, ಅರ್ಧ ಚಮಚ ಬೇಕಿಂಗ್ ಪೌಡರ್. 180 ಡಿಗ್ರಿಯಲ್ಲಿ ಅರ್ಧ ಗಂಟೆ. ಕೇಕು ಬಿಸಿಯಿರುವಾಗ ಆರಿದ ಪಾಕ ಸುರಿಯಬೇಕು. ಚಿರೋಟಿ ರವೆ ಬಳಸಿದರೆ ಒತ್ತಾಗಿ ಕೂತು ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯದ ನೆನಪು ತರುತ್ತದೆ. ಉಪ್ಪಿಟ್ಟಿನ ರವೆಯೇ ಸರಿ.

ಆ ಕಡಲೆಯನ್ನು ನುಣ್ಣಗೆ ಅರೆದು ಮಾಡುವ ಹಮ್ಮಸ್ ವಿಷಯದಲ್ಲಿ ಅವಸರ ಮಾಡಬಾರದು. ಬೆಳಿಗ್ಗೆ ಕಡಲೆಯ ನೀರು ಬದಲಿಸಿ, ಕುಕ್ಕರ್ ಆರು ಸಲ ಕೂಗಿದ ಮೇಲೆ ಸಣ್ಣ ಉರಿಯಲ್ಲಿ ಇನ್ನೂ ಹತ್ತು ನಿಮಿಷ ಬಿಡಿ. ಹುಸಳಿಗೆ ಬೇಯಿಸಿದಂತೆ ಬೇಯಿಸಿದರೆ ಮಿಕ್ಸಿ ಎಷ್ಟು ಗೋಳಾಡಿದರೂ ಹಮ್ಮಸ್ ತರಿತರಿ. ಎರಡು ಬೆರಳ ನಡುವೆ ಒತ್ತಿದರೆ ಬೆಣ್ಣೆಯಂತೆ ಜಾರಬೇಕು. ತಹಿನಿಗೆ, ಅಂದರೆ ಅದಕ್ಕೆ ಬೆರೆಸುವ ಅರೆದ ಎಳ್ಳಿಗೆ, ಗಾಂಧಿ ಬಜಾರಿನ ಬಿಳಿ ಎಳ್ಳು 60 ಗ್ರಾಂ ಸಾಕು. ಅದನ್ನು ಸಣ್ಣ ಉರಿಯಲ್ಲಿ ಮೂರ್ನಾಲ್ಕು ನಿಮಿಷ ಬೆಚ್ಚಗೆ ಮಾಡಬೇಕು, ಹುರಿಯಬಾರದು. ನಮ್ಮ ಕೈಗೆ ಎಳ್ಳು ಕಂಡರೆ ಘಮ್ಮೆನ್ನುವವರೆಗೂ ಹುರಿದೇ ಅಭ್ಯಾಸ. ಹಾಗೆ ಮಾಡಿದರೆ ಹಮ್ಮಸ್ ಕಹಿಯಾಗಿ, ಬಣ್ಣ ಕೆಂಪುಮಣ್ಣಿನ ಗೋಡೆಯದಾಗುತ್ತದೆ. ಎಳ್ಳನ್ನು ಎರಡು ಚಮಚ ಎಣ್ಣೆಯೊಂದಿಗೆ ನುಣ್ಣಗೆ ತಿರುವಿ, ಬದನೆಕಾಯಿಗೆಂದು ಒಂದು ಚಮಚ ತೆಗೆದಿಟ್ಟು, ಉಳಿದದ್ದಕ್ಕೆ ನಿಂಬೆರಸ ಹಾಕಿದ ಕೂಡಲೇ ಅದು ಸಿಮೆಂಟಿನಂತೆ ಬಿಗಿದುಕೊಳ್ಳುತ್ತದೆ. ಇಲ್ಲೇ ಹೆಚ್ಚಿನವರು ಕೆಟ್ಟಿತೆಂದು ಕೈಚೆಲ್ಲುವುದು. ಕೆಟ್ಟಿಲ್ಲ ಮಾರಾಯ್ರೆ, ಮಂಜುಗಡ್ಡೆಯ ನೀರು ಚಮಚ ಚಮಚವಾಗಿ ಹಾಕುತ್ತಾ ಹೋದರೆ ಬೆಳ್ಳಗಾಗಿ ಸಡಿಲವಾಗುತ್ತದೆ. ಆಮೇಲೆ ಕಡಲೆ, ಉಪ್ಪು, ಅರ್ಧ ಎಸಳು ಬೆಳ್ಳುಳ್ಳಿ. ಮಧ್ಯಾಹ್ನದೊಳಗೆ ಇದು ಮುಗಿಯಬೇಕು. ಜುಲೈ ಮಳೆಯಲ್ಲಿ ಸಂಜೆಯ ಕರೆಂಟನ್ನು ನೆಚ್ಚಿ ಮಿಕ್ಸಿ ಕೆಲಸ ಉಳಿಸಿಕೊಂಡವರಿಗೆ ಒರಳೇ ಗತಿ. ಬಟ್ಟಲನ್ನು ಮುಚ್ಚಿ, ಬಚ್ಚಿಡುವುದೂ ಒಳ್ಳೆಯದು. ಇಲ್ಲದಿದ್ದರೆ ಅತ್ತೆಯೋ ಪಕ್ಕದ ಮನೆ ಅಕ್ಕನೋ ಪಾಪ ಸಪ್ಪಗಿದೆಯಲ್ಲ ಎಂದು ಸಾಸಿವೆ ಕರಿಬೇವಿನ ಒಗ್ಗರಣೆ ಕೊಟ್ಟಿರುತ್ತಾರೆ.

ಸುಟ್ಟ ಬದನೆಕಾಯಿಯ ಬಾಬಾ ಗನೂಷ್‌ಗೆ ಓವನ್ ಯಾಕೆ, ಬಚ್ಚಲೊಲೆ ಇದ್ದವರು ಪುಣ್ಯವಂತರು. ಕೆಂಡದಲ್ಲಿ ಇಪ್ಪತ್ತು ನಿಮಿಷ ಹೊರಳಿಸಿ, ಸಿಪ್ಪೆ ತೆಗೆದು, ಜರಡಿಯಲ್ಲಿ ಕಾಲು ಗಂಟೆ ಬಿಟ್ಟು ನೀರಿಳಿಸಿ, ಒಂದು ಚಮಚ ತಹಿನಿ ಕಲಸಿ. ನೀರಿಳಿಸದಿದ್ದರೆ ಅದು ಗೊಜ್ಜಾಗುತ್ತದೆ, ಆಗ ಅನ್ನ ಕೇಳುತ್ತದೆ. ಮೇಲೆ ಉದುರಿಸಲು ಸುಮಾಕ್ ಎಂಬ ಹುಳಿ ಪುಡಿ ಬೇಕೆನ್ನುತ್ತಾರೆ. ಒಣಗಿಸಿದ ಮುರುಗಲು ಸಿಪ್ಪೆಯನ್ನು ಬೆಚ್ಚಗೆ ಮಾಡಿ ಕುಟ್ಟಿಕೊಂಡರೆ ಬಣ್ಣವೂ ಹುಳಿಯೂ ಹತ್ತಿರ ಬರುತ್ತವೆ.

ಇನ್ನು ಟ್ಜಾಟ್ಜಿಕಿ. ಹೆಸರು ಹೇಳಲು ನಾಲಿಗೆ ತೊಡರಬಹುದು, ಮಾಡಲು ಕೈ ತೊಡರುವುದಿಲ್ಲ. ತೆಂಗಿನಕಾಯಿ, ಒಗ್ಗರಣೆ ಬಿಟ್ಟರೆ ನಮ್ಮ ಮೊಸರಿನ ಸೌತೆಕಾಯಿ ಹಶಿಯೇ. ತುರಿದ ಸೌತೆಗೆ ಉಪ್ಪು ಹಚ್ಚಿ ಹತ್ತು ನಿಮಿಷ ಬಿಟ್ಟು ಗಟ್ಟಿಯಾಗಿ ಹಿಂಡಿ, ಕಟ್ಟಿಟ್ಟ ಮೊಸರಿಗೆ ಸೇರಿಸುವುದಷ್ಟೆ. ಬೆಳ್ಳುಳ್ಳಿ ಇಲ್ಲೂ ಅರ್ಧ ಎಸಳು. ಮಧ್ಯಾಹ್ನ ಹದವೆನಿಸಿದ್ದು ಮೊಸರಿನಲ್ಲಿ ಕೂತು ಕೂತು ಸಂಜೆಗೆ ಖಾರವಾಗಿರುತ್ತದೆ.

ಸಂಜೆಯ ಲೆಕ್ಕವನ್ನು ಎಂಟೂವರೆಯಿಂದ ಹಿಂದಕ್ಕೆ ಎಣಿಸಬೇಕು. ಐದೂವರೆಗೆ ಪಿಟಾ ಹಿಟ್ಟು ಕಲಸಿ: 150 ಗ್ರಾಂ ಮೈದಾ, ಅರ್ಧ ಚಮಚ ಇನ್‌ಸ್ಟಂಟ್ ಯೀಸ್ಟ್, ಅರ್ಧ ಚಮಚ ಉಪ್ಪು, 95 ಮಿ.ಲೀ. ಬೆಚ್ಚನೆಯ ನೀರು. ಮಳೆಗಾಲದ ಹಿಟ್ಟು ತಾನೇ ತೇವ ಕುಡಿದಿರುತ್ತದೆ, ಹತ್ತು ಮಿ.ಲೀ. ಕೈಯಲ್ಲೇ ಇರಲಿ. ಆಗುಂಬೆ ಕಡೆಯ ಥಂಡಿಯಲ್ಲಿ ಹಿಟ್ಟು ಗಂಟೆಗಟ್ಟಲೆ ಮಲಗಿಬಿಡುತ್ತದೆ. ಪಾತ್ರೆಯನ್ನು ಬಚ್ಚಲಿನ ಹಂಡೆಯ ಪಕ್ಕ ಇಡಿ, ಹಂಡೆಯ ಮೇಲಲ್ಲ. ಮೇಲಿಟ್ಟರೆ ಅಡಿ ಬೆಂದು ಗಟ್ಟಿಯಾಗುತ್ತದೆ.

ಆರೂ ಮುಕ್ಕಾಲಿಗೆ ನಾಲ್ಕು ಕ್ಯಾಪ್ಸಿಕಂ ಓಟಿಜಿಯೊಳಗೆ ಹೋಗಬೇಕು. ಅರ್ಧ ಬೆಂದ ಅನ್ನ, ಟೊಮೆಟೊ, ಈರುಳ್ಳಿ, ಪುದೀನ ಕಲಸಿ ಮುಕ್ಕಾಲು ಭಾಗ ಮಾತ್ರ ತುಂಬಿ, ಯಾಕೆಂದರೆ ಅಕ್ಕಿ ಒಳಗೆ ಹಿಗ್ಗುತ್ತದೆ. ಫಾಯಿಲ್ ಮುಚ್ಚಿ 180 ಡಿಗ್ರಿಯಲ್ಲಿ ಅರ್ಧ ಗಂಟೆ, ಫಾಯಿಲ್ ತೆಗೆದು ಇನ್ನೂ ಇಪ್ಪತ್ತು ನಿಮಿಷ. ಆಮೇಲೆ ಒಂದು ಗಂಟೆ ಆರಿದರೂ ರುಚಿ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಕರೆಂಟ್ ಹೋದರೆ ಓಟಿಜಿಯ ಬಾಗಿಲು ತೆರೆದು ಇಣುಕಬೇಡಿ, ಕಾಲು ಗಂಟೆ ಒಳಗಿನ ಬಿಸಿಯೇ ಬೇಯಿಸುತ್ತದೆ. ಮನೆಯ ಇನ್ವರ್ಟರಿಗೆ ಆ ಭಾರ ತಡೆಯದು. ಅರ್ಧ ಗಂಟೆ ದಾಟಿದರೆ ದಪ್ಪ ತಳದ ಬಾಣಲೆಗೆ ವರ್ಗಾಯಿಸಿ, ಕಾಲು ಲೋಟ ನೀರು ಹಾಕಿ, ಮುಚ್ಚಿ ಸಣ್ಣ ಉರಿ.

ಎಂಟು ಗಂಟೆಗೆ ಸಲಾಡ್ ಹೆಚ್ಚಿ, ಪನೀರ್ ಸೇರಿಸಿ. ಉಪ್ಪು ಮಾತ್ರ ಮೇಜಿನ ಮೇಲೆಯೇ ಬೀಳಲಿ. ಮೊದಲೇ ಹಾಕಿದರೆ ಟೊಮೆಟೊ ನೀರುಬಿಟ್ಟು ತಟ್ಟೆಯಲ್ಲಿ ತುಂಗೆ ಹರಿಯುತ್ತಾಳೆ. ಎಂಟೂಕಾಲಿಗೆ ಕಾವಲಿ ಚೆನ್ನಾಗಿ ಕಾದಿರಬೇಕು. ಹಿಟ್ಟು ನಾಲ್ಕು ಉಂಡೆ, ಅರ್ಧ ಸೆಂಟಿಮೀಟರ್ ದಪ್ಪ. ಒಂದು ಬದಿ ಅರ್ಧ ನಿಮಿಷ, ಮಗುಚಿ ಒಂದು ನಿಮಿಷ, ಮತ್ತೆ ಮಗುಚಿ ಬಟ್ಟೆಯಿಂದ ಮೆಲ್ಲಗೆ ಒತ್ತಿ. ಒಳಗಿನ ಹಬೆಯೇ ಉಬ್ಬಿಸುವುದು, ಹಾಗಾಗಿ ಲಟ್ಟಿಸುವಾಗ ಸಣ್ಣ ತೂತಾದರೂ ಉಬ್ಬು ಹೋಯಿತು.

ಸರಿಯಾಗಿ ಮೂರನೆಯ ಪಿಟಾ ಉಬ್ಬುವಾಗ ಗೇಟಿನ ಸದ್ದು. ಮಳೆಗೆ ಸಿಕ್ಕಿಬಿದ್ದ ಚಿಕ್ಕಪ್ಪ. ಊಟ ಮಾಡಿಕೊಂಡೇ ಹೋಗಿ ಎನ್ನದಿರಲು ಮಲೆನಾಡಿನವರಿಗೆ ಬಾಯಿ ಬರುವುದಿಲ್ಲ. ಗಾಬರಿ ಬೇಡ: ಪಿಟಾವನ್ನು ನಾಲ್ಕು ತುಂಡು ಮಾಡಿ, ಹಮ್ಮಸಿಗೆ ಎರಡು ಚಮಚ ತಣ್ಣೀರು ಕೊಟ್ಟು ಹಿಗ್ಗಿಸಿ, ಪಕ್ಕದ ಒಲೆಗೆ ಒಂದು ಪಾವು ಅಕ್ಕಿ ಏರಿಸಿ. ಚಿಕ್ಕಪ್ಪ ಹಬೆಯಾಡುವ ಅನ್ನಕ್ಕೆ ಟ್ಜಾಟ್ಜಿಕಿ ಸುರಿದುಕೊಂಡು, "ಹಶಿ ಅಡ್ಡಿಲ್ಲ ಮಾರಾಯ್ತಿ, ಕಾಯಿ ಹಾಕೋದು ಮರ್ತಿದೀಯ" ಅನ್ನುತ್ತಾರೆ.