ಸೂರ್ಯ ಮುಳುಗಿದ್ದು 6:24ಕ್ಕೆ, ನಾನು ಮುಗ್ಗರಿಸಿದ್ದು 6:55ಕ್ಕೆ

ನನ್ನ ಹತ್ರ ಎರಡು ಕನ್ನಡಕ ಇದೆ. ಒಂದು ಮಾಮೂಲಿದು, ಇನ್ನೊಂದು ಪವರ್ ಇರೋ ಕೂಲಿಂಗ್ ಗ್ಲಾಸು. ಎರಡೂ ಇಲ್ದಿದ್ರೆ ಎದುರಿಗಿರೋದು ಮನುಷ್ಯನೋ ಲೈಟ್ ಕಂಬನೋ ಅಂತ ಗೊತ್ತಾಗೋದು ಅದು ಬಾಯಿ ಬಿಟ್ಟು ಮಾತಾಡಿದ್ರೆ ಮಾತ್ರ.

ಮೊನ್ನೆ ಸಂಜೆ ವಾಕಿಂಗ್ ಹೊರಟೆ. ಪಶ್ಚಿಮಕ್ಕೆ ಮುಖ ಮಾಡ್ಕೊಂಡು ನಡೀಬೇಕು, ಇಳಿಬಿಸಿಲು ಕಣ್ಣಿಗೇ ಹೊಡೆಯುತ್ತೆ ಅಂತ ಕೂಲಿಂಗ್ ಗ್ಲಾಸ್ ಏರಿಸ್ಕೊಂಡೆ, ಮಾಮೂಲಿದು ಫ್ರಿಜ್ ಮೇಲೇ ಉಳೀತು. ಹೆಂಡ್ತಿ ಬಾಗಿಲ ತನಕ ಬಂದು "ರೀ, ಅದನ್ನೂ ಜೇಬಲ್ಲಿ ಹಾಕ್ಕೊಳ್ಳಿ, ಕತ್ತಲಾಗುತ್ತೆ" ಅಂದ್ಲು. ನಾನು ಫೋನ್ ತೆಗೆದು ತೋರಿಸ್ದೆ. ಸೂರ್ಯಾಸ್ತ 6:24. "ಆಮೇಲೂ ಅರ್ಧ ಗಂಟೆ ಬೆಳಕಿರುತ್ತೆ ಕಣೇ, ಅಷ್ಟೊತ್ತಿಗೆ ಬಂದಿರ್ತೀನಿ."

6:55ಕ್ಕೆ ನಾನು ಮನೆಯಿಂದ ಒಂದೂವರೆ ಕಿಲೋಮೀಟರ್ ದೂರದಲ್ಲಿದ್ದೆ. ಕವರ್ ಹೊದ್ದಿದ್ದ ಒಂದು ಸ್ಕೂಟರಿಗೆ "ಸ್ವಲ್ಪ ಸೈಡ್ ಕೊಡಿ" ಅಂದು, ಅದು ಕೊಡ್ಲಿಲ್ಲ ಅಂತ ಬೇಜಾರೂ ಮಾಡ್ಕೊಂಡು, ಮಲಗಿದ್ದ ನಾಯಿಗೆ ಕಾಲು ತಾಗಿ ಮುಗ್ಗರಿಸ್ದೆ. ನಾಯಿ ಪಾಪ ಬೊಗಳ್ಲೂ ಇಲ್ಲ, ಎದ್ದು ಪಕ್ಕಕ್ಕೆ ಹೋಗಿ ಮಲಗ್ತು. ಕೈ ಮುಂದೆ ಚಾಚ್ಕೊಂಡು ಫುಟ್‌ಪಾತ್ ತುದೀಲಿ ನಿಂತು ಸಾವರಿಸ್ಕೊಳ್ತಿದ್ದೆ, ಅಷ್ಟರಲ್ಲಿ ಯಾರೋ ಒಬ್ಬ ಹುಡುಗ ಮೆತ್ತಗೆ ನನ್ನ ಮೊಣಕೈ ಹಿಡಿದು "ಬನ್ನಿ ಅಂಕಲ್, ಹೆದರ್ಬೇಡಿ" ಅಂತ ನಿಧಾನಕ್ಕೆ ರಸ್ತೆ ದಾಟಿಸ್ಬಿಟ್ಟ. ಕತ್ತಲಲ್ಲಿ ಕಪ್ಪು ಕನ್ನಡಕ ಹಾಕ್ಕೊಂಡು ಗಾಳಿ ತಡವ್ತಾ ನಿಂತವನನ್ನ ನೋಡಿ ಅವನಿಗಾದ್ರೂ ಬೇರೆ ಏನನ್ನಿಸ್ಬೇಕು. ಆಚೆ ಕಡೆ ನನಗೆ ಯಾವ ಕೆಲಸನೂ ಇರ್ಲಿಲ್ಲ. ಆದ್ರೆ ಅಷ್ಟು ಪ್ರೀತಿಯಿಂದ ದಾಟಿಸಿದವನಿಗೆ ಅದನ್ನ ಹೇಳೋದು ಹೇಗೆ? "ಥ್ಯಾಂಕ್ಸ್ ಪುಟ್ಟ" ಅಂದು, ಅವನು ಕಣ್ಮರೆ ಆಗೋ ತನಕ (ಅಂದ್ರೆ ಎರಡು ಹೆಜ್ಜೆ) ಕಾದು, ಮತ್ತೆ ವಾಪಸ್ ದಾಟೋಕೆ ಹತ್ತು ನಿಮಿಷ ತಗೊಂಡೆ.

ಮನೆಗೆ ಬಂದು ಇದರ ಬುಡ ಹುಡುಕ್ತಾ ಕೂತೆ. ಗೊತ್ತಾಗಿದ್ದೇನಂದ್ರೆ ಫೋನಲ್ಲಿ ಬರೋ ಟೈಮು ಸೂರ್ಯಂದು, ಕತ್ತಲೆದಲ್ಲ. ಸೂರ್ಯನ ಮೇಲಂಚು ಸಪಾಟಾದ ದಿಗಂತವನ್ನ ಮುಟ್ಟಿ ಮರೆಯಾಗೋ ಗಳಿಗೆ ಅದು. ಸಪಾಟಾದ ದಿಗಂತ ಅಂದ್ರೆ ಸಮುದ್ರದಲ್ಲಿರುತ್ತಲ್ಲ, ಅದು. ನಮ್ಮ ಬೀದಿಗೆ ದಿಗಂತ ಅಂತಿರೋದು ಒಂದು ಹದಿನೇಳು ಮಹಡಿ ಬಿಲ್ಡಿಂಗು. ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿದ್ರೆ ಆಕಾಶದಲ್ಲಿ ಸುಮಾರು 10 ಡಿಗ್ರಿ ಮುಚ್ಚುತ್ತೆ, ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತೆ, ಹಾಗಾಗಿ ಸೂರ್ಯ ನೆಟ್ಟಗೆ ಇಳಿಯೋ ಕಡೆ ಒಂದು ಮುಷ್ಟಿಗೆ 40 ನಿಮಿಷ. ಆ ಬಿಲ್ಡಿಂಗು ನನ್ನ ಕೈಯಲ್ಲಿ ಒಂದೂವರೆ ಮುಷ್ಟಿ ಬರುತ್ತೆ. ಅಂದ್ರೆ ನಮ್ಮ ಬೀದಿಗೆ ಒಂದು ಗಂಟೆ ಮುಂಚೇನೇ ಹೊತ್ತು ಮುಳುಗಿರುತ್ತೆ, ಸೂರ್ಯನಿಗೇ ಗೊತ್ತಿರಲ್ಲ ಅಷ್ಟೇ.

ಇನ್ನೂ ಮಜಾ ಅಂದ್ರೆ, ಸಮುದ್ರದ ದಡದಲ್ಲಿ ನಿಂತು ಸೂರ್ಯ ಈಗ ನೀರು ಮುಟ್ದ ಅಂತ ಫೋಟೋ ತೆಗೀತೀವಲ್ಲ, ಆಗ ಅವನು ಲೆಕ್ಕದ ಪ್ರಕಾರ ಪೂರ್ತಿ ಕೆಳಗೆ ಹೋಗಾಗಿರುತ್ತೆ. ದಿಗಂತದ ಹತ್ರ ಗಾಳಿ ಬೆಳಕನ್ನ ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿನೇ ಬಗ್ಗಿಸಿ ಅವನನ್ನ ಮೇಲೆತ್ತಿ ತೋರಿಸುತ್ತೆ, ಸೂರ್ಯನ ಅಗಲನೂ ಅರ್ಧ ಡಿಗ್ರಿನೇ. ಸಾಲದ್ದಕ್ಕೆ ಆ ಬೆಳಕು 8 ನಿಮಿಷ 20 ಸೆಕೆಂಡ್ ಹಳೇದು. ಆಸಾಮಿ ಜಾಗ ಖಾಲಿ ಮಾಡಿದಾನೆ, ನಾವಿನ್ನೂ ಕೈ ಬೀಸ್ತಾ ನಿಂತಿದೀವಿ.

ಇದನ್ನೆಲ್ಲ ಹೊಟ್ಟೇಲಿ ಇಟ್ಕೊಳ್ಳೋಕಾಗ್ದೆ ಮೂರನೇ ಕ್ಲಾಸಿನ ತಂಗಿ ಮಗಳಿಗೆ ಪಾಠ ಮಾಡೋಕೆ ಹೋಗಿದ್ದು ನನ್ನ ಎರಡನೇ ತಪ್ಪು. "ಮಾಮ, ಸೂರ್ಯ ಎಲ್ಲಿಗೆ ಹೋಗ್ತಾನೆ?" ಅಂದ್ಲು. ಎಲ್ಲಿಗೂ ಹೋಗಲ್ಲ, ತಿರುಗೋದು ನಾವೇ ಅಂತ ರೂಮಿನ ಲೈಟ್ ಆರಿಸಿ, ಟೇಬಲ್ ಮೇಲೆ ಟಾರ್ಚ್ ಇಟ್ಟು, ತಿರುಗೋ ಕುರ್ಚಿ ಮೇಲೆ ಕೂತೆ. ನನ್ನ ತಲೆ ಭೂಮಿ, ನೆತ್ತಿ ಉತ್ತರ ಧ್ರುವ (ಅಲ್ಲಿ ಗಿಡಗಂಟಿ ಬೆಳೆಯಲ್ಲ ಅಂತ ಒಪ್ಪಿಸೋಕೆ ಕಷ್ಟವೇ ಆಗ್ಲಿಲ್ಲ), ಮೂಗು ನಮ್ಮ ಮನೆ, ಎಡಗಿವಿ ಪೂರ್ವ, ಬಲಗಿವಿ ಪಶ್ಚಿಮ. ಬಲಕ್ಕೆ ತಿರುಗ್ದೆ. ಟಾರ್ಚು ಎಡಗಿವಿ ಕಡೆ ಜಾರ್ತು. "ಮಾಮ, ಸೂರ್ಯ ಪೂರ್ವದಲ್ಲಿ ಮುಳುಗ್ತಿದಾನೆ" ಅಂದ್ಲು, ಕಿಲಾಡಿ. ಭೂಮಿ ತಿರುಗೋದು ಪಶ್ಚಿಮದಿಂದ ಪೂರ್ವಕ್ಕೆ ಅಲ್ವಾ, ಹಾಗಾಗಿ ಎಡಕ್ಕೆ ತಿರುಗ್ಬೇಕಿತ್ತು. ತಿರುಗ್ದೆ. ಟಾರ್ಚು ನೆಟ್ಟಗೆ ಬಲಗಿವಿಗೆ ಬಂದಾಗ ಮೂಗಿನ ತುದಿ ಬೆಳಕು ಹೋಯ್ತು, ಸೂರ್ಯಾಸ್ತ. ಚಪ್ಪಾಳೆ. "ಇನ್ನೂ ಫಾಸ್ಟ್ ಮಾಮ!" ಭೂಮಧ್ಯರೇಖೆ ಮೇಲಿನ ನೆಲ ಗಂಟೆಗೆ ಸುಮಾರು 1,670 ಕಿಲೋಮೀಟರ್ ಸ್ಪೀಡಲ್ಲಿ ತಿರುಗುತ್ತೆ, ಯಾರಿಗೂ ತಲೆ ಸುತ್ತಲ್ಲ. ನಾನು ಮೂರನೇ ಸುತ್ತಿಗೇ ಮಂಚದ ಕಾಲಿಗೆ ಮೊಣಕಾಲು ಬಡಿದು, ಟಾರ್ಚ್ ಬೀಳಿಸಿ, ಹಗಲು ರಾತ್ರಿ ಎರಡನ್ನೂ ಒಟ್ಟಿಗೆ ನೋಡ್ದೆ. ಹೆಂಡ್ತಿ ಬಂದು ಲೈಟ್ ಹಾಕಿದ್ಲು. ಅದು ಸೂರ್ಯೋದಯ.

ಕತ್ತಲೆ ವಿಷಯಕ್ಕೆ ಬರೋಣ. ಅದು ಒಂದೇ ಸಲ ಬೀಳೋದಲ್ಲ, ಕಂತಿನಲ್ಲಿ ಬರುತ್ತೆ. ಸೂರ್ಯ ದಿಗಂತಕ್ಕಿಂತ 6 ಡಿಗ್ರಿ ಕೆಳಗಿಳಿಯೋ ತನಕ ಲೈಟ್ ಇಲ್ದೇನೂ ಓಡಾಡ್ಬಹುದು, ಆಕಾಶ ತಿಳಿಯಾಗಿರ್ಬೇಕು ಅಷ್ಟೇ. ಇದು ಮುಸ್ಸಂಜೆ. 12 ಡಿಗ್ರಿಗೆ ಸಮುದ್ರದಲ್ಲಿರೋರಿಗೂ ದಿಗಂತದ ಗೆರೆ ಕಾಣದ ಹಾಗಾಗುತ್ತೆ, ಅದನ್ನ ನಸುಗತ್ತಲು ಅಂತಿಟ್ಕೊಳ್ಳಿ. 18 ದಾಟಿದ್ರೇನೇ ನಕ್ಷತ್ರ ನೋಡೋರು ಒಪ್ಪೋ ಇರುಳು. ಭೂಮಧ್ಯರೇಖೆ ಹತ್ರ ಸೂರ್ಯ ಬಾವಿಗೆ ಕೊಡ ಬಿಟ್ಟ ಹಾಗೆ ನೆಟ್ಟಗೆ ಇಳೀತಾನೆ, 6 ಡಿಗ್ರಿಗೆ 24 ನಿಮಿಷ ಸಾಕು. ಧ್ರುವದ ಕಡೆಗೆ ಹೋದಷ್ಟೂ ಓರೆಯಾಗಿ ಜಾರ್ತಾನೆ, ಸಂಜೆ ಮುಗಿಯೋದೇ ಇಲ್ಲ. ಜೂನ್ ತಿಂಗಳಲ್ಲಿ ಲಂಡನ್ನಿನ ಸೂರ್ಯ ಇಡೀ ರಾತ್ರಿ ಕಳೆದ್ರೂ 18 ಡಿಗ್ರಿ ಮುಟ್ಟಲ್ಲ. ನನ್ನ ಅರ್ಧ ಗಂಟೆ ಲೆಕ್ಕ ಏನೂ ತಪ್ಪಿರ್ಲಿಲ್ಲ ಅಂತ ನನ್ನ ವಾದ, ಕನ್ನಡಕದ ಗಾಜು ಕಪ್ಪಿತ್ತು ಅಷ್ಟೇ ಅಂತ ಹೆಂಡ್ತಿ ತೀರ್ಪು.

ಸರಿ, ನಿಜವಾದ ಇರುಳು ಹೇಗಿರುತ್ತೆ ನೋಡೇಬಿಡೋಣ ಅಂತ ನಿನ್ನೆ ನಾನೂ ತಂಗಿ ಮಗಳೂ ಟೆರೇಸಿಗೆ ಹತ್ತಿದ್ವಿ. ಎರಡೂ ಕನ್ನಡಕ ಜೊತೆಗಿತ್ತು. ಪಶ್ಚಿಮ ಕೆಂಪಾಯ್ತು. ಬೆಳಕು ಓರೆಯಾಗಿ ಗಾಳೀಲಿ ಬಹಳ ದೂರ ಬರೋ ಹೊತ್ತಿಗೆ ನೀಲಿಯೆಲ್ಲ ದಾರೀಲೇ ಚದುರಿಹೋಗಿ ಕೆಂಪು ಮಾತ್ರ ಉಳಿಯುತ್ತೆ ಅಂತ ಹೇಳಿದ್ದಕ್ಕೆ, "ನನ್ನ ಕ್ರೇಯಾನ್ ಬಾಕ್ಸ್ ಥರ" ಅಂದ್ಲು. ಪೂರ್ವದಲ್ಲಿ ಬೂದುನೀಲಿ ಪಟ್ಟಿಯೊಂದು ಮೇಲೇಳ್ತಿತ್ತು, ಅದು ಭೂಮಿಯದೇ ನೆರಳು. ಇಷ್ಟು ವರ್ಷ ಅದನ್ನ ಮೋಡ ಅಂದ್ಕೊಂಡು ಬಟ್ಟೆ ಎತ್ತಿಡ್ತಿದ್ದೆ ನಾನು. 6 ಡಿಗ್ರಿ ಆಯ್ತು, ಬೀದಿ ದೀಪ ಹತ್ತಿದ್ವು. 12 ಆಯ್ತು. ಆಕಾಶ ಕಪ್ಪಾಗೋ ಬದಲು ಸುತ್ತಲಿನ ಲೈಟೆಲ್ಲ ಮೇಲೆ ಚೆಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗ್ತು. "ಅದೋ ಶುಕ್ರ" ಅಂತ ಬೆರಳು ತೋರಿಸ್ದೆ. "ಮಾಮ, ನಿನ್ನ ಶುಕ್ರ ಕೆಂಪಗೆ ಬ್ಲಿಂಕ್ ಆಗ್ತಿದೆ." ಮೊಬೈಲ್ ಟವರ್ ತುದಿ.

ಕೆಳಗಿಳಿಯೋಣ ಅಂತ ಬಂದ್ರೆ ಟೆರೇಸ್ ಬಾಗಿಲಿಗೆ ಒಳಗಿನಿಂದ ಚಿಲಕ. ಕತ್ತಲಾದ್ಮೇಲೆ ಬಾಗಿಲು ಹಾಕ್ಬೇಕು ಅನ್ನೋದು ವಾಚ್‌ಮನ್‌ಗೆ ಆರ್ಡರು, ಎಷ್ಟು ಡಿಗ್ರಿಗೆ ಅಂತ ಯಾರೂ ಹೇಳಿಲ್ಲ. ಹೆಂಡ್ತಿಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕ್ದೆ.

"ಮಗೂನ ಕರ್ಕೊಂಡು ಈ ಕತ್ತಲಲ್ಲಿ ಅಲ್ಲೇನ್ರೀ ಮಾಡ್ತಿದ್ದೀರಿ?"

ನಾನು ಬಾಯಿ ತೆಗೆಯೋ ಮುಂಚೆ ತಂಗಿ ಮಗಳು ಫೋನ್ ಕಿತ್ಕೊಂಡ್ಲು. "ಅತ್ತೆ, ಇನ್ನೂ ಕತ್ತಲಾಗಿಲ್ಲ. ಆರು ಡಿಗ್ರಿ ಬಾಕಿ ಇದೆ."