ಭಾಷೆ ಬಾರದ ರೋಗಿಗೆ ಒಂದು ಹಾಳೆ

ಭಾಷೆ ಬಾರದ ಊರಲ್ಲಿ ಕಾಯಿಲೆ ಬಿದ್ದವರ ಮಾತು ಡಾಕ್ಟರಿಗೆ ತಲುಪುವ ಹಾಗೆ ನೋಡಿಕೊಳ್ಳಬೇಕಾದ್ದು ಆಸ್ಪತ್ರೆ. ಆ ಹೊರೆಯನ್ನು ರೋಗಿಯ ತಲೆಗೆ ಕಟ್ಟಬಾರದು. ಜಪಾನಿನ ಒಂದು ಪುಟ್ಟ ಕ್ಲಿನಿಕ್ಕಿನಲ್ಲಿ ಅಮ್ಮನ ಪಕ್ಕ ಕೂತಾಗ ನನಗಿದು ಮನಸ್ಸಿಗೆ ನಾಟಿತು. ಬೆಂಗಳೂರಿಗೆ ವಾಪಸ್ ಬಂದಮೇಲೆ ಅದು ಇನ್ನೂ ಜಾಸ್ತಿ ಕಾಡ್ತಿದೆ. ಸ್ವಲ್ಪ ಉದ್ದ ಬರೀತಿದ್ದೀನಿ, ಓದಿ.

ಕಂಪನಿ ಕೆಲಸದ ಮೇಲೆ ಯೊಕೊಹಾಮಾದಲ್ಲಿದ್ದೆ. ಅಮ್ಮ ನೋಡಿಕೊಂಡು ಹೋಗೋಕೆ ಅಂತ ಬಂದಿದ್ರು. ಅಲ್ಲಿನ ಚಳಿಗೆ ಕೆಮ್ಮು ಶುರುವಾಯಿತು, ಜ್ವರ ಇಳೀಲಿಲ್ಲ. ಅಲ್ಲಿ ಇಂಥದ್ದಕ್ಕೆಲ್ಲ ಜನ ದೊಡ್ಡಾಸ್ಪತ್ರೆಗೆ ಹೋಗಲ್ಲ. ಕ್ಲಿನಿಕ್ಕಿನ ಪತ್ರ ಇಲ್ಲದೆ ನೇರ ಹೋದರೆ ಅನೇಕ ದೊಡ್ಡಾಸ್ಪತ್ರೆಗಳಲ್ಲಿ 7,000 ಯೆನ್ನೋ ಅದಕ್ಕಿಂತ ಹೆಚ್ಚೋ ಬೇರೆಯಾಗಿ ಕಟ್ಟಬೇಕು. ಹಾಗಾಗಿ ಮನೆ ಹತ್ತಿರದ ಕ್ಲಿನಿಕ್ಕೇ ಗತಿ. ನನ್ನ ಜಪಾನೀಸು ಎನ್4 ಮಟ್ಟದ್ದು, ಅಂದರೆ ಭಾಷಾ ಪರೀಕ್ಷೆಯಲ್ಲಿ ಕೆಳಗಿಂದ ಎರಡನೇ ಹಂತ, ಅಂಗಡಿಗೆ, ರೈಲಿಗೆ ಸಾಕು. ಎದೇಲಿ ಕಫ ಕಟ್ಟಿದೆ, ಮಲಗಿದರೆ ಉಸಿರು ಹಿಡಿಯುತ್ತೆ ಅಂತ ಹೇಳೋಕೆ ಸಾಲದು. ಮೊದಲು ಹೋದ ಕಡೆ ಭಾಷೆ ಸಮಸ್ಯೆ ಆಗುತ್ತೆ ಅಂತ ಕೈಮುಗಿದು ವಾಪಸ್ ಕಳಿಸಿದರು. ಅಲ್ಲೂ ಎಲ್ಲವೂ ಸರಿಯಿಲ್ಲ.

ಎರಡನೇ ಕಡೆ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಅವರು ಕೊಟ್ಟ ಸ್ಲಿಪ್ಪರ್ ಹಾಕಿಕೊಂಡೆವು. ಕೌಂಟರಿನ ಹೆಂಗಸು ಒಂದು ಥರ್ಮಾಮೀಟರು, ಒಂದು ಹಾಳೆ ಕೊಟ್ಟರು. ಆ ಹಾಳೆ ಬಗ್ಗೆ ಹೇಳಲೇಬೇಕು. ಯೊಕೊಹಾಮಾ ಇರೋ ಕನಗಾವಾ ಪ್ರಾಂತ್ಯದ ಅಂತರರಾಷ್ಟ್ರೀಯ ಪ್ರತಿಷ್ಠಾನ ಒಂದು ಸ್ವಯಂಸೇವಾ ಸಂಸ್ಥೆಯ ಜೊತೆ ಸೇರಿ ಇಂಥ ಪ್ರಶ್ನಾವಳಿಗಳನ್ನು ಇಪ್ಪತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಮಾಡಿಟ್ಟಿದೆ. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಪ್ರತಿ ಪ್ರಶ್ನೆಯೂ ರೋಗಿಯ ಭಾಷೆಯಲ್ಲೂ ಇರುತ್ತೆ, ಜಪಾನೀಸಿನಲ್ಲೂ ಇರುತ್ತೆ. ನಾವು ಟಿಕ್ ಹಾಕಿದ್ದನ್ನು ಡಾಕ್ಟರು ತಮ್ಮ ಭಾಷೇಲಿ ಓದಿಕೊಳ್ತಾರೆ. ಕನ್ನಡದ್ದು ಇರಲಿಲ್ಲ, ಇಂಗ್ಲಿಷಿನದ್ದು ಸಿಕ್ಕಿತು.

"ಯಾವತ್ತಿಂದ ಅಂತ ಕೇಳ್ತಿದಾರಮ್ಮ."

"ಅಮಾವಾಸ್ಯೆ ಮಾರನೇ ದಿನದಿಂದ ಕಣೋ."

ಫೋನಿನಲ್ಲಿ ಪಂಚಾಂಗ ತೆಗೆದು ತಾರೀಖು ಬರೆದೆ. ಅಲರ್ಜಿ, ಹಳೇ ಕಾಯಿಲೆ, ಈಗ ತಗೊಳ್ಳೋ ಮಾತ್ರೆ, ಎಲ್ಲಾ ಒಂದೊಂದಾಗಿ ತುಂಬಿದೆ. ಬಿಪಿ ಮಾತ್ರೆಯ ಬ್ರ್ಯಾಂಡ್ ಅವರಿಗೆ ಗೊತ್ತಾಗಲಿಲ್ಲ. ಸ್ಟ್ರಿಪ್ಪಿನ ಮೇಲಿದ್ದ ಆಮ್ಲೋಡಿಪಿನ್ ಅನ್ನೋ ಹೆಸರು ನೋಡಿದ ತಕ್ಷಣ ತಲೆಯಾಡಿಸಿದರು. ಹೊರದೇಶಕ್ಕೆ ಅಪ್ಪ ಅಮ್ಮನನ್ನು ಕಳಿಸೋರು ಈ ಜೆನೆರಿಕ್ ಹೆಸರುಗಳನ್ನು, ಅಂದರೆ ಮಾತ್ರೆಯೊಳಗಿನ ಔಷಧದ ಹೆಸರುಗಳನ್ನು, ಒಂದು ಚೀಟೀಲಿ ಬರೆದು ಕೊಡಿ. ಡೋಲೋ ಅಂದರೆ ಅಲ್ಲಿ ಯಾರಿಗೂ ತಿಳಿಯಲ್ಲ, ಪ್ಯಾರಾಸಿಟಮಾಲನ್ನೇ ಅಲ್ಲಿ ಅಸಿಟಮಿನೋಫೆನ್ ಅಂತಾರೆ. ಜಪಾನಿಗೆ ಒಂದು ತಿಂಗಳಿಗಿಂತ ಹೆಚ್ಚಿನ ಮಾತ್ರೆ ಒಯ್ಯೋದಾದರೆ ಮೊದಲೇ ಅನುಮತಿ ಪತ್ರ ಮಾಡಿಸಿಕೊಳ್ಳಿ. ವಿಮೆಯನ್ನಂತೂ ಬಿಡಲೇಬೇಡಿ: ಅಲ್ಲೇ ನೆಲೆಸಿ ಅಲ್ಲಿನ ಆರೋಗ್ಯ ವಿಮೆ ಇದ್ದವರು ಸಾಮಾನ್ಯವಾಗಿ ಖರ್ಚಿನ ಶೇ. 30 ಕಟ್ಟಿದರೆ ಸಾಕು, ನೋಡಿಕೊಂಡು ಹೋಗೋಕೆ ಬಂದವರು ಪೂರ್ತಿ ಕಟ್ಟಬೇಕು.

ಡಾಕ್ಟರು ನನ್ನ ಹತ್ತಿರ ಮಾತಾಡುವಾಗಲೂ ನೋಡ್ತಿದ್ದದ್ದು ಅಮ್ಮನನ್ನು. ಸ್ಟೆತಸ್ಕೋಪ್ ಇಡೋ ಮುಂಚೆ ತಾವೇ ಒಂದು ಸಲ ದೀರ್ಘವಾಗಿ ಉಸಿರು ಎಳೆದು ತೋರಿಸಿದರು, ಅಮ್ಮ ಹಾಗೇ ಮಾಡಿದರು. ಔಷಧಿ ಅಂಗಡೀಲಿ ಮಾತ್ರೆ ಜೊತೆ ಇನ್ನೊಂದು ಹಾಳೆ. ಪ್ರತಿ ಮಾತ್ರೆಯ ಬಣ್ಣದ ಫೋಟೋ, ಪಕ್ಕದಲ್ಲಿ ಯಾವ ಹೊತ್ತಿಗೆ ಎಷ್ಟು ಅನ್ನೋದು. ನಾನು ಪೆನ್ಸಿಲಿನಲ್ಲಿ ಬೆಳಿಗ್ಗೆ, ರಾತ್ರಿ ಅಂತ ಕನ್ನಡದಲ್ಲಿ ಬರೆದುಕೊಟ್ಟೆ. ಮಾರನೇ ದಿನದಿಂದ ಅಮ್ಮ ಫೋಟೋ ನೋಡಿ ತಾವೇ ತಗೊಂಡರು, ನಾನು ನಿಶ್ಚಿಂತೆಯಿಂದ ಆಫೀಸಿಗೆ ಹೋದೆ.

ಈಗ ನಮ್ಮೂರಿಗೆ ಬನ್ನಿ. ನಮ್ಮ ಬಡಾವಣೆಯಲ್ಲಿರೋ ಸರ್ಕಾರದ 'ನಮ್ಮ ಕ್ಲಿನಿಕ್'ಗೆ ಒಡಿಶಾದ ಕಟ್ಟಡ ಕೆಲಸದವನೊಬ್ಬ ಮಗು ಎತ್ತಿಕೊಂಡು ಬಂದಿದ್ದ. ನರ್ಸಮ್ಮ ಒಳ್ಳೆಯವರು, ಕನ್ನಡದಲ್ಲಿ ಕೇಳಿದರು, ತಮಗೆ ಬಂದಷ್ಟು ಹಿಂದೀಲೂ ಕೇಳಿದರು. ಭೇದಿ ಎಷ್ಟು ಸಲ ಆಯಿತು? ಹೂಂ. ವಾಂತಿ ಆಯಿತಾ? ಹೂಂ. ನೀರು ಕುಡಿಯುತ್ತಾ? ಅದಕ್ಕೂ ಹೂಂ. ನನಗೆ ಹೆದರಿಕೆ ಆಯಿತು. ಮಗುವಿಗೆ ಎಷ್ಟು ನಿರ್ಜಲೀಕರಣ ಆಗಿದೆ ಅಂತ ಅಳೆಯೋ ಪ್ರಶ್ನೆಗಳು ಅವು. ರಾಯಚೂರು, ಯಾದಗಿರಿ ಕಡೆಯಿಂದ ಬಂದ ನಮ್ಮವರ ಪಾಡು ದೊಡ್ಡ ಖಾಸಗಿ ಆಸ್ಪತ್ರೆ ಕೌಂಟರಿನಲ್ಲಿ ಇದಕ್ಕಿಂತ ಚೆನ್ನಾಗೇನೂ ಇಲ್ಲ. ಕನ್ನಡ ನಾಡಿನಲ್ಲೇ ಕನ್ನಡದಲ್ಲಿ ಕೇಳಿದ್ದಕ್ಕೆ ಉತ್ತರ ಸಿಗಲ್ಲ. ಆಪರೇಷನ್ನಿನ ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ, ಸಹಿ ಹಾಕೋದು ಮಾತ್ರ ಕನ್ನಡದಲ್ಲಿ. ಇದು ಅನ್ಯಾಯ.

2019ರಿಂದ ಎಂಬಿಬಿಎಸ್ ಶುರುವಿನಲ್ಲೇ ಸ್ಥಳೀಯ ಭಾಷೆಯ ತರಬೇತಿ ಸೇರಿಸಿದ್ದಾರೆ. ಒಳ್ಳೇದೇ. ಆದರೆ ಡಾಕ್ಟರೊಬ್ಬರೇ ಎಷ್ಟು ಭಾಷೆ ಕಲೀತಾರೆ? ಕೌಂಟರಿನಲ್ಲಿ ಕನ್ನಡ ಕಡ್ಡಾಯವಾಗಿ ಇರಲಿ, ಒಪ್ಪಿಗೆ ಪತ್ರ ಕನ್ನಡದಲ್ಲಿ ಸಿಗಲಿ. ಅದರ ಜೊತೆಗೆ ಕನ್ನಡ-ಒಡಿಯಾ, ಕನ್ನಡ-ಬಂಗಾಳಿ, ಕನ್ನಡ-ಅಸ್ಸಾಮಿ ಪ್ರಶ್ನೆ ಹಾಳೆಗಳೂ ಇರಲಿ. ಓದು ಬಾರದವರಿಗೆ ಚಿತ್ರ ಹಾಕಿ. ಇದಕ್ಕೆ ಕೋಟಿಗಟ್ಟಲೆ ದುಡ್ಡೇನೂ ಬೇಡ, ಜೆರಾಕ್ಸ್ ಖರ್ಚು ಅಷ್ಟೇ.

ಜ್ವರ, ಭೇದಿ, ಎದೆನೋವು, ಗರ್ಭಿಣಿಯರ ತಪಾಸಣೆ, ಇಷ್ಟಕ್ಕೆ ಕನ್ನಡದಲ್ಲಿ ಪ್ರಶ್ನೆಗಳನ್ನು ಬರೆದಿಟ್ಟಿದ್ದೀನಿ. ಪರಿಚಯದ ಡಾಕ್ಟರೊಬ್ಬರು ತಿದ್ದಿಕೊಡ್ತೀನಿ ಅಂದಿದ್ದಾರೆ. ಒಡಿಯಾ, ಬಂಗಾಳಿ, ಅಸ್ಸಾಮಿ ಚೆನ್ನಾಗಿ ಬಲ್ಲವರು ನಿಮ್ಮ ಪರಿಚಯದಲ್ಲಿದ್ದರೆ ದಯವಿಟ್ಟು ತಿಳಿಸಿ. ಮೊದಲು ಭೇದಿಯ ಹಾಳೆ ಮುಗಿಸೋಣ.