ಸಬ್‌ಮರೀನ್ ಆರು ತಿಂಗಳು ಮೇಲೆ ಬರುವುದೇ ಇಲ್ಲ ಅನ್ನುವುದು ತಪ್ಪು

ಸಬ್‌ಮರೀನ್ ಒಮ್ಮೆ ಮುಳುಗಿದರೆ ಆರು ತಿಂಗಳು ಮೇಲೆ ಬರುವುದಿಲ್ಲ, ಹುಡುಗರನ್ನು ನೌಕಾಪಡೆಯ ಸಬ್‌ಮರೀನ್ ಕೆಲಸಕ್ಕೆ ಕಳಿಸಬೇಡಿ ಅಂತ ಮಲ್ಪೆ ಕಡೆ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಸುಮ್ನೆ ಹೆದರಿಸುವ ಮಾತು. ನಮ್ಮ ನೌಕಾಪಡೆಯ ಕಲ್ವರಿ ಥರದ ಡೀಸೆಲ್ ಸಬ್‌ಮರೀನ್ ನೀರಿನಡಿ ಓಡುವುದು ಬ್ಯಾಟರಿಯಲ್ಲಿ. ಅದನ್ನು ಚಾರ್ಜ್ ಮಾಡಲು ಡೀಸೆಲ್ ಎಂಜಿನ್ ಓಡಬೇಕು, ಎಂಜಿನ್‌ಗೆ ಗಾಳಿ ಬೇಕು, ಹಾಗಾಗಿ ಆಗಾಗ ಮೇಲ್ಮೈ ಹತ್ತಿರ ಬಂದು ಗಾಳಿ ಕೊಳವೆ ಎತ್ತಲೇಬೇಕು. ಅರಿಹಂತ್‌ನಂಥ ಅಣುಶಕ್ತಿಯ ಸಬ್‌ಮರೀನ್ ಮಾತ್ರ ಜಾಸ್ತಿ ದಿನ ಕೆಳಗಿರಬಲ್ಲದು, ಅದಕ್ಕೂ ಊಟದ ಸಾಮಾನು ಮುಗಿಯುತ್ತದೆ.

ಜಾಗ ಕಮ್ಮಿ, ನೀರು ಅಳೆದು ಬಳಸಬೇಕು, ಮುಳುಗಿದಾಗ ಮನೆಗೆ ಫೋನಿಲ್ಲ, ಇದೆಲ್ಲ ನಿಜ. ಆಳಸಮುದ್ರ ಬೋಟಿಗೆ ಹೋಗುವವರ ಮನೆಯಲ್ಲಿ ಕಾಯುವುದು ಹೊಸತೇನಲ್ಲ, ಅಲ್ವಾ? ಮತ್ತೆ, ಸೇರಿದ ಕೂಡಲೇ ಯಾರನ್ನೂ ಒಳಗೆ ಇಳಿಸುವುದಿಲ್ಲ. ಮೊದಲು ವಿಶಾಖಪಟ್ಟಣದ ಐಎನ್‌ಎಸ್ ಸಾತವಾಹನ ಅನ್ನುವ ನೌಕಾಪಡೆಯ ದಡದ ಕೇಂದ್ರದಲ್ಲಿ ತರಬೇತಿ, ಮುಳುಗಿದ ಸಬ್‌ಮರೀನ್‌ನಿಂದ ಪಾರಾಗುವ ಅಭ್ಯಾಸವೂ ಅಲ್ಲೇ. ಆಮೇಲೆ ಸಬ್‌ಮರೀನ್‌ನಲ್ಲೇ ಕಲಿತು ಪರೀಕ್ಷೆ ಪಾಸಾದವರಿಗಷ್ಟೇ ಸಬ್‌ಮರೀನ್ ನಾವಿಕರ ಗುರುತಾದ ಡಾಲ್ಫಿನ್ ಬ್ಯಾಡ್ಜ್.